ಮೆಮೊರಿ ಫೋಮ್ ಹಾಸಿಗೆ: ದುಡ್ಡು ಎಷ್ಟು ಹಾಕಬೇಕು, ಭರವಸೆ ಎಷ್ಟು ಇಡಬೇಕು?



ಈ ಸಲ ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಬಿಟ್ಟು ಹಾಸಿಗೆಯ ಬಗ್ಗೆ ಬರೆಯುತ್ತಿದ್ದೇನೆ. ಹೃದಯದ ಡಾಕ್ಟರಿಗೂ ಹಾಸಿಗೆಗೂ ಏನು ಸಂಬಂಧ ಅನ್ನಬಹುದು. ತಪಾಸಣೆ ಮುಗಿದು, ಚೀಟಿ ಬರೆದು ಕೊಟ್ಟ ಮೇಲೆ, ಬಾಗಿಲ ಹತ್ತಿರ ನಿಂತು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: "ಡಾಕ್ಟ್ರೇ, ಅಪ್ಪನಿಗೆ ಮೆಮೊರಿ ಫೋಮ್ ಗಾದಿ ತಗೊಂಡ್ರೆ ಹೆಂಗೆ? ಹಾರ್ಟಿಗೆ ಏನಾದ್ರೂ ಉಪಯೋಗ ಆಗ್ತದಾ?"

ಕೇಳುವವರಲ್ಲಿ ನಮ್ಮ ಕಡೆಯವರು ಬಹಳ. ವಿಜಯಪುರ, ಕಲಬುರಗಿ, ಬಾಗಲಕೋಟೆ, ಬೆಳಗಾವಿಯಿಂದ ಬಂದು ಹಡಪಸರ, ವಾಕಡ, ಕಾತ್ರಜ, ಪಿಂಪ್ರಿ-ಚಿಂಚವಡದಲ್ಲಿ ಬಾಡಿಗೆ ಮನೆ ಮಾಡಿಕೊಂಡವರು. ಊರಿನಿಂದ ತಂದೆತಾಯಿ ಬರುತ್ತಾರೆ. ಹೊಸ ಜಾಗದಲ್ಲಿ ಅವರಿಗೆ ನಿದ್ದೆ ಹತ್ತುವುದಿಲ್ಲ. ಮೊಬೈಲಿನಲ್ಲಿ ಹಾಸಿಗೆಯ ಜಾಹೀರಾತು ಕಾಣುತ್ತದೆ. ಮಗ ಇಎಂಐ ಲೆಕ್ಕ ಹಾಕಲು ಕೂರುತ್ತಾನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಾಸಿಗೆ ಮನೆಯ ಸಾಮಾನು, ಔಷಧಿ ಅಲ್ಲ. ಕುಕ್ಕರ್ ಕೊಳ್ಳುವಾಗ ನೋಡುವ ಹಾಗೆ ಅಳತೆ, ತೂಕ, ವಾರಂಟಿ ನೋಡಿ ಕೊಳ್ಳಿ. ಸಾಧಾರಣ ಬೆಲೆಯ, ಮಧ್ಯಮ ಗಟ್ಟಿಯ ಹಾಸಿಗೆ ಹೆಚ್ಚಿನ ಮನೆಗಳಿಗೆ ಸಾಕು. ಆದರೆ ಅಂಗಡಿಗೆ ಹೋಗುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ನಿದ್ದೆ ಕೆಡುತ್ತಿರುವುದು ನಿಜವಾಗಿಯೂ ಗಾದಿಯಿಂದಲೇ?

*ಅಂಗಡಿಗೆ ಮೊದಲು ನಾಲ್ಕು ಪ್ರಶ್ನೆ*

1. ಮಲಗಿದರೆ ದಮ್ಮು ಬರುತ್ತದೆಯೇ? ಮೊದಲು ಒಂದು ದಿಂಬು ಸಾಕಾಗುತ್ತಿತ್ತು, ಆಮೇಲೆ ಎರಡು ಬೇಕಾಯಿತು, ಈಗ ಮೂರು ದಿಂಬು ಇಟ್ಟು ಅರ್ಧ ಕೂತಂತೆ ಮಲಗುತ್ತಾರೆ ಎಂದರೆ ಅದು ಗಾದಿಯ ದೋಷವಲ್ಲ. ನಾವು ನಿಂತಿರುವಾಗ ಒಂದಿಷ್ಟು ರಕ್ತ ಕಾಲುಗಳಲ್ಲಿ ಇರುತ್ತದೆ. ಮಲಗಿದ ಕೂಡಲೇ ಅದು ಎದೆಯ ಕಡೆಗೆ ಬರುತ್ತದೆ. ಗಟ್ಟಿ ಹೃದಯ ಅದನ್ನು ಸಲೀಸಾಗಿ ಮುಂದೆ ತಳ್ಳುತ್ತದೆ. ಸೋತ ಹೃದಯಕ್ಕೆ ಆಗುವುದಿಲ್ಲ. ಒತ್ತಡ ಹಿಂದಕ್ಕೆ ಶ್ವಾಸಕೋಶದ ಮೇಲೆ ಬೀಳುತ್ತದೆ, ನೀರು ತುಂಬಿಕೊಳ್ಳುತ್ತದೆ, ಉಸಿರು ಕಟ್ಟುತ್ತದೆ. ಎದ್ದು ಕೂತರೆ ಸ್ವಲ್ಪ ಹೊತ್ತಿನಲ್ಲಿ ಆರಾಮ ಅನ್ನಿಸುತ್ತದೆ. ಮಲಗಿ ಒಂದೆರಡು ಗಂಟೆಯಾದ ಮೇಲೆ ದಿಗಿಲುಬಿದ್ದು ಎದ್ದು ಕಿಟಕಿಯ ಹತ್ತಿರ ಹೋಗುವುದೂ ಇದೇ ಲಕ್ಷಣ. ಜೊತೆಗೆ ಪಾದ ಊದಿದ್ದರೆ, ಮೂರು ದಿನದಲ್ಲಿ ತೂಕ 2 ಕೆ.ಜಿ.ಗಿಂತ ಹೆಚ್ಚು ಏರಿದ್ದರೆ, ತಡ ಮಾಡಬೇಡಿ. ಆಸ್ತಮಾ, ಶ್ವಾಸಕೋಶದ ಕಾಯಿಲೆ, ಆಮ್ಲ ಮೇಲೆ ಬರುವುದು ಇವುಗಳಿಂದಲೂ ಹೀಗೆ ಆಗಬಹುದು. ಯಾವುದು ಎಂದು ತಿಳಿಯಲು ಪರೀಕ್ಷೆ, ಇಸಿಜಿ, ಎಕೋ ಬೇಕು.

2. ಜೋರು ಗೊರಕೆ ಇದೆಯೇ? ಗೊರಕೆ ನಡುವೆ ಪೂರ್ತಿ ನಿಂತು, ಕೆಲವು ಸೆಕೆಂಡ್ ಸದ್ದಿಲ್ಲದೆ, ಆಮೇಲೆ ಗಕ್ಕನೆ ಉಸಿರೆಳೆಯುತ್ತಾರೆಯೇ? ಬೆಳಿಗ್ಗೆ ತಲೆನೋವು, ಹಗಲು ಕೂತಲ್ಲೇ ತೂಕಡಿಕೆ, ಎರಡು ಮೂರು ಮಾತ್ರೆ ತೆಗೆದುಕೊಂಡರೂ ಇಳಿಯದ ಬಿಪಿ? ಇದು ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ, ಸ್ಲೀಪ್ ಆಪ್ನಿಯಾ. ಗಂಟಲಿನ ದಾರಿ ಮುಚ್ಚಿಕೊಳ್ಳುವುದರಿಂದ ರಾತ್ರಿಯಿಡೀ ಆಮ್ಲಜನಕ ಏರಿಳಿಯುತ್ತದೆ, ಹೃದಯ ಸುಸ್ತಾಗುತ್ತದೆ. ಯಾವ ಫೋಮೂ ಇದನ್ನು ವಾಸಿ ಮಾಡುವುದಿಲ್ಲ. ಮಗ್ಗುಲಲ್ಲಿ ಮಲಗುವುದು, ತೂಕ ಇಳಿಸುವುದು ನೆರವಾಗುತ್ತದೆ. ಅನೇಕರಿಗೆ ಸಿಪ್ಯಾಪ್ ಯಂತ್ರ ಬೇಕಾಗುತ್ತದೆ.

3. ಮಲಗಿದಾಗ ಎದೆ ಹಿಂಡಿದ ಹಾಗೆ, ಭಾರ ಇಟ್ಟ ಹಾಗೆ ಆಗುತ್ತದೆಯೇ? ದವಡೆಗೆ, ಎಡಗೈಗೆ ನೋವು ಹರಿಯುತ್ತದೆಯೇ, ಬೆವರು ಬರುತ್ತದೆಯೇ? ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ. "ಗಾದಿ ಸರಿ ಇಲ್ಲ, ಬೆನ್ನು ಹಿಡಕೊಂಡಿದೆ" ಎಂದು ಬೆಳಗಿನ ತನಕ ಕಾಯಬೇಡಿ.

4. ಬೆನ್ನು ನೋವು ಬೆಳಿಗ್ಗೆ ಎದ್ದಾಗ ಹೆಚ್ಚಿದ್ದು, ಓಡಾಡಿದ ಮೇಲೆ ಕಡಿಮೆ ಆಗುತ್ತದೆಯೇ? ಊರಿಗೆ ಹೋಗಿ ಬೇರೆ ಹಾಸಿಗೆಯಲ್ಲಿ ಮಲಗಿದಾಗ ಆರಾಮ ಇರುತ್ತದೆಯೇ? ಗಾದಿಯ ನಡುವೆ ತಗ್ಗು ಬಿದ್ದಿದೆಯೇ? ಹಾಗಿದ್ದರೆ ತಪ್ಪು ಹಾಸಿಗೆಯದ್ದೇ ಇರಬಹುದು. ಈ ನಾಲ್ಕನೆಯ ಉತ್ತರ ಬಂದವರು ನಿಶ್ಚಿಂತೆಯಿಂದ ಮುಂದೆ ಓದಿ.

ಪರಊರಿನಲ್ಲಿ ಇರುವ ನಮಗೆ ಇನ್ನೊಂದು ತೊಡಕಿದೆ. ಊರಿನಿಂದ ಬಂದ ಹಿರಿಯರು ಮರಾಠಿ ಡಾಕ್ಟರ ಮುಂದೆ "ನಿದ್ದೆ ಬರೂದಿಲ್ರೀ" ಎಂದಷ್ಟೇ ಹೇಳುತ್ತಾರೆ. ಜೊತೆಗೆ ಹೋದವರು "ಝೋಪ್ ಯೇತ್ ನಾಹೀ" ಎಂದು ಅನುವಾದ ಮಾಡುತ್ತಾರೆ. ನಿದ್ದೆ ಮಾತ್ರೆ ಸಿಗುತ್ತದೆ. ಅಸಲಿ ಮಾತು ಅಲ್ಲೇ ಉಳಿಯುತ್ತದೆ. ಮನೆಯಲ್ಲೇ ಕೂತು ಕನ್ನಡದಲ್ಲಿ ಕೇಳಿ: ನಿದ್ದೆ ಬರುವುದಿಲ್ಲವೋ, ಮಲಗಲು ಆಗುವುದಿಲ್ಲವೋ? ಎರಡನೆಯದಾದರೆ ಡಾಕ್ಟರಿಗೆ ಮರಾಠಿಯಲ್ಲಿ "ಝೋಪಲ್ಯಾವರ್ ದಮ್ ಲಾಗತೋ" ಎಂದು ಹೇಳಿ. ನಮ್ಮ ದಮ್ಮೂ ಅವರ ದಮ್ಮೂ ಒಂದೇ. ಆ ಮೂರು ಶಬ್ದ ಕೇಳಿದರೆ ಡಾಕ್ಟರು ಸ್ಟೆತಾಸ್ಕೋಪ್ ಕೈಗೆತ್ತಿಕೊಳ್ಳುತ್ತಾರೆ.

*ಮೆಮೊರಿ ಫೋಮ್ ಅಂದರೆ ಏನು?*

ಇದು ಒಂದು ಬಗೆಯ ಪಾಲಿಯುರೆಥೇನ್ ಫೋಮ್, ಅಂದರೆ ಸ್ಪಂಜಿನ ದೂರದ ಸಂಬಂಧಿ. 1966ರಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ ಚಾರ್ಲ್ಸ್ ಯೋಸ್ಟ್ ಎಂಬ ಎಂಜಿನಿಯರ್ ಇದನ್ನು ತಯಾರಿಸಿದರು. ಉದ್ದೇಶ ನಿದ್ದೆ ಅಲ್ಲ. ವಿಮಾನದ ಸೀಟಿನಲ್ಲಿ ಕೂತವರಿಗೆ ಹೊಡೆತದಿಂದ ರಕ್ಷಣೆ. ಮುಂದೆ ಸ್ವೀಡನ್ನಿನ ಕಂಪನಿಯೊಂದು ಇದನ್ನು ಹಾಸಿಗೆಗೆ ತಂದು 1990ರ ದಶಕದ ಆರಂಭದಲ್ಲಿ ಮಾರಾಟ ಶುರು ಮಾಡಿತು. ಹಾಗಾಗಿ "ನಾಸಾ ತಂತ್ರಜ್ಞಾನ" ಎಂಬ ಜಾಹೀರಾತಿನ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅದು ಇವತ್ತು ಎಲ್ಲ ಕಂಪನಿಗೂ ಸೇರಿದ ಹಳೆಯ ಕಥೆ. ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಕಿಲ್ಲ.

ಇದರ ಗುಣ ಎರಡು. ಮೈಭಾರ ಬಿದ್ದಲ್ಲಿ ನಿಧಾನವಾಗಿ ತಗ್ಗುತ್ತದೆ, ಭಾರ ತೆಗೆದರೆ ನಿಧಾನವಾಗಿ ಮೇಲೇಳುತ್ತದೆ. ಹಾಗಾಗಿ ಭುಜ, ಸೊಂಟದ ಮೂಳೆಯ ಮೇಲೆ ಒತ್ತಡ ಹಂಚಿಹೋಗುತ್ತದೆ. ಪಕ್ಕದವರು ಹೊರಳಿದರೆ ನಿಮಗೆ ಅಲುಗಾಟ ತಿಳಿಯುವುದಿಲ್ಲ. ಎರಡನೆಯದು, ಇದು ಶಾಖಕ್ಕೆ ಮೆತ್ತಗಾಗುತ್ತದೆ, ಚಳಿಗೆ ಬಿಗಿಯಾಗುತ್ತದೆ. ಪುಣೆಯ ಡಿಸೆಂಬರ್-ಜನವರಿ ರಾತ್ರಿಯಲ್ಲಿ ಮಲಗಿದ ಮೊದಲ ಹತ್ತು ನಿಮಿಷ ಗಟ್ಟಿ ಅನ್ನಿಸುವುದು ಇದಕ್ಕೇ. ಏಪ್ರಿಲ್-ಮೇ ತಿಂಗಳಲ್ಲಿ, ಮೇಲಿನ ಮಹಡಿಯ ಕಾದ ಕೋಣೆಯಲ್ಲಿ, ಅದೇ ಗಾದಿ ಮೈಯನ್ನು ಸುತ್ತಿಕೊಂಡು ಬಿಸಿ ಹಿಡಿಯುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕೇಳುವುದೇ ಬೇಡ. ಸೆಕೆ ಹೆಚ್ಚು ಆಗುವವರಿಗೆ ದಪ್ಪ ಮೆಮೊರಿ ಪದರ ಸರಿಹೋಗುವುದಿಲ್ಲ. ಅಂಥವರು ಮೇಲೆ ತೆಳುವಾದ ಮೆಮೊರಿ ಪದರ ಇರುವುದನ್ನೋ, ಲ್ಯಾಟೆಕ್ಸ್, ಸ್ಪ್ರಿಂಗ್, ತೆಂಗಿನ ನಾರಿನ ಗಾದಿಯನ್ನೋ ನೋಡಬಹುದು.

*ಬೆನ್ನಿಗೆ ಗಟ್ಟಿ ಹಾಸಿಗೆಯೇ ಒಳ್ಳೆಯದೇ?*

"ಬೆನ್ನುನೋವಿಗೆ ಹಲಗೆ ಮೇಲೆ ಮಲಗು" ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಇದೆ. 2003ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಸ್ಪೇನ್ ದೇಶದ ಅಧ್ಯಯನವೊಂದು ಪ್ರಕಟವಾಯಿತು. ಬಹುಕಾಲದ ಸೊಂಟನೋವು ಇದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಕೆಲವರಿಗೆ ಮಧ್ಯಮ ಗಟ್ಟಿಯ ಹಾಸಿಗೆ ಕೊಟ್ಟು 90 ದಿನ ನೋಡಿದರು. ಮಲಗಿದಾಗಿನ ನೋವು, ಏಳುವಾಗಿನ ನೋವು, ದಿನನಿತ್ಯದ ಕೆಲಸಕ್ಕೆ ಆಗುವ ತೊಂದರೆ ಇವೆಲ್ಲದರಲ್ಲಿ ಮಧ್ಯಮ ಗಟ್ಟಿಯವರೇ ಹೆಚ್ಚು ಸುಧಾರಿಸಿದರು.

ಮಧ್ಯಮ ಗಟ್ಟಿ ಎಂದರೆ ಏನು? ಮಗ್ಗುಲಲ್ಲಿ ಮಲಗಿದಾಗ ಭುಜ, ಸೊಂಟ ಸ್ವಲ್ಪ ಒಳಗೆ ಇಳಿಯಬೇಕು, ಬೆನ್ನೆಲುಬು ನೆಟ್ಟಗೆ ಉಳಿಯಬೇಕು. ಹೊರಳಲು ಹೋರಾಡಬೇಕಾಗಿ ಬಂದರೆ ಬಹಳ ಮೆತ್ತಗಾಯಿತು. ಸೊಂಟದ ಕೆಳಗೆ ಕೈ ಸಲೀಸಾಗಿ ತೂರಿದರೆ ಬಹಳ ಗಟ್ಟಿಯಾಯಿತು. ಅಷ್ಟೇ ಲೆಕ್ಕ.

ಇನ್ನು "ಆರ್ಥೊಪೆಡಿಕ್" ಎಂಬ ಶಬ್ದ. ಅದು ಮಾರಾಟದ ಶಬ್ದ. ಸಾಮಾನ್ಯವಾಗಿ "ಸ್ವಲ್ಪ ಗಟ್ಟಿ" ಎಂದು ಅರ್ಥ. ಮೂಳೆ ಡಾಕ್ಟರು ನಿಮ್ಮ ಬೆನ್ನು ನೋಡಿ ಬರೆದ ಚೀಟಿ ಅದಲ್ಲ. "ರಕ್ತಸಂಚಾರ ಹೆಚ್ಚಿಸುತ್ತದೆ", "ಬಿಪಿ ಇಳಿಸುತ್ತದೆ", "ಮ್ಯಾಗ್ನೆಟಿಕ್ ಚಿಕಿತ್ಸೆ" ಎಂದು ಹೇಳಿ ಗಾದಿ ಮಾರುವವರಿಗೆ ನಮಸ್ಕಾರ ಹಾಕಿ ಹೊರಗೆ ಬನ್ನಿ. ಹಿರಿಯರ ಕ್ಲಬ್ಬು, ಹೋಟೆಲ್ ಹಾಲ್‌ಗಳಲ್ಲಿ ಉಚಿತ ಚಹಾ ಕೊಟ್ಟು ನಡೆಸುವ ಪ್ರದರ್ಶನಗಳಲ್ಲಿ ಇಂಥ ಮಾತು ಜಾಸ್ತಿ. ಯಾವ ಗಾದಿಯನ್ನು ನಂಬಿಯೂ ಬಿಪಿ ಮಾತ್ರೆ ನಿಲ್ಲಿಸಬೇಡಿ.

*ಕಡಿಮೆ ದುಡ್ಡಿನಲ್ಲಿ ಸರಿಯಾದದ್ದು ಆರಿಸುವುದು ಹೇಗೆ?*

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಎಲ್ಲರಿಗೂ ಗೊತ್ತು. ಹಾಸಿಗೆ ಕೊಳ್ಳುವಾಗಲೂ ಅದೇ ಗಾದೆ ನೆನಪಿರಲಿ.

ಮೊದಲು ಮಂಚ ಅಳೆಯಿರಿ. ಅಂಗಡಿಯಲ್ಲಿ ಸಿಂಗಲ್ ಎಂದರೆ 72×36, 75×36, 78×36 ಇಂಚು ಮೂರೂ ಸಿಗುತ್ತವೆ. ಕ್ವೀನ್ ಸಾಮಾನ್ಯವಾಗಿ 78×60, ಕಿಂಗ್ 78×72. ಹೆಸರು ಹೇಳಿ ತರಿಸಬೇಡಿ, ಇಂಚು ಹೇಳಿ ತರಿಸಿ. ಮಂಚದ ಒಳ ಅಳತೆ ತೆಗೆದುಕೊಳ್ಳಿ.

ಎರಡನೆಯದು, ಪದರ ಕೇಳಿ. "ಆರು ಇಂಚಿನ ಮೆಮೊರಿ ಫೋಮ್ ಗಾದಿ" ಎಂದರೆ ಆರೂ ಇಂಚು ಮೆಮೊರಿ ಫೋಮ್ ಅಲ್ಲ. ಮೇಲಿನ ಒಂದೆರಡು ಇಂಚು ಮಾತ್ರ ಅದು. ಕೆಳಗೆ ಬೇರೆ ಗಟ್ಟಿ ಫೋಮ್. ಇದು ಮೋಸವಲ್ಲ, ಹಾಗೇ ಇರಬೇಕು. ಪೂರ್ತಿ ಮೆಮೊರಿ ಫೋಮ್ ಆದರೆ ಹುದುಲಲ್ಲಿ ಹೂತಂತೆ ಆಗುತ್ತದೆ. ಆದರೆ ಮೇಲಿನ ಪದರ ಎಷ್ಟು ಇಂಚು, ಕೆಳಗಿನದು ಯಾವುದು ಎಂದು ಬರೆದು ತೋರಿಸಲು ಹೇಳಿ.

ಮೂರನೆಯದು, ಸಾಂದ್ರತೆ. ಒಂದು ಘನ ಮೀಟರ್ ಫೋಮ್ ಎಷ್ಟು ಕೆ.ಜಿ. ತೂಗುತ್ತದೆ ಎಂಬ ಲೆಕ್ಕ ಇದು. ಮೇಲಿನ ಮೆಮೊರಿ ಪದರ 50ರ ಆಸುಪಾಸು ಅಥವಾ ಹೆಚ್ಚು, ಕೆಳಗಿನ ಫೋಮ್ 32 ಅಥವಾ ಹೆಚ್ಚು ಇದ್ದರೆ ನಿತ್ಯ ಬಳಕೆಗೆ ಬಾಳಿಕೆ ಬರುತ್ತದೆ. ಭಾರೀ ಮೈಯವರಿಗೆ ಕೆಳಗಿನದು 40 ಇದ್ದರೆ ಚೆನ್ನ. ಕಡಿಮೆ ಸಾಂದ್ರತೆಯದು ಅಂಗಡಿಯಲ್ಲಿ ಬಹಳ ಮೃದುವಾಗಿ, ಹಿತವಾಗಿ ಇರುತ್ತದೆ, ಆದರೆ ಬೇಗ ತಗ್ಗು ಬೀಳುತ್ತದೆ.

ಅಂಗಡಿಯವರು ಸಾಂದ್ರತೆ ಹೇಳದಿದ್ದರೆ ತೂಕದಿಂದ ನೀವೇ ಅಂದಾಜು ಮಾಡಬಹುದು. ಉದ್ದ, ಅಗಲ, ದಪ್ಪ ಮೂರನ್ನೂ ಇಂಚಿನಲ್ಲಿ ಗುಣಿಸಿ, 61,000ದಿಂದ ಭಾಗಿಸಿ. ಉದಾಹರಣೆಗೆ 78 × 60 × 6 = 28,080. ಭಾಗಿಸಿದರೆ 0.46 ಘನ ಮೀಟರ್. ಗಾದಿಯ ತೂಕ 17 ಕೆ.ಜಿ. ಇದ್ದರೆ ಸರಾಸರಿ ಸಾಂದ್ರತೆ ಸುಮಾರು 37, ಒಪ್ಪಬಹುದು. ಅದೇ ಅಳತೆಯ ಗಾದಿ 12 ಕೆ.ಜಿ. ಮಾತ್ರ ಇದ್ದರೆ ಸರಾಸರಿ 26, ಒಳಗೆ ಗಾಳಿಯೇ ಜಾಸ್ತಿ. ಆನ್‌ಲೈನಿನಲ್ಲಿ ತೂಕ ಬರೆದಿರುತ್ತಾರೆ, ಮೊಬೈಲಿನಲ್ಲೇ ಲೆಕ್ಕ ಹಾಕಿ. ಒಂದು ಎಚ್ಚರಿಕೆ: ತುಂಡು ಫೋಮ್ ಒತ್ತಿ ಮಾಡಿದ ರಿಬಾಂಡೆಡ್ ಪದರ ಕೆಳಗಿದ್ದರೆ ತೂಕ ಬಹಳ ಬರುತ್ತದೆ, ಗಾದಿ ಬಹಳ ಗಟ್ಟಿಯೂ ಇರುತ್ತದೆ. ಅದಕ್ಕೇ ತೂಕದ ಜೊತೆ ಪದರವನ್ನೂ ಕೇಳಬೇಕು.

ನಾಲ್ಕನೆಯದು, ಅಂಗೈ ಪರೀಕ್ಷೆ. ಅಂಗೈಯನ್ನು ಬಲವಾಗಿ ಒತ್ತಿ ತೆಗೆಯಿರಿ. ಕೈ ಗುರುತು ಕೆಲವು ಸೆಕೆಂಡ್ ಉಳಿದು ನಿಧಾನ ಮೇಲೆದ್ದರೆ ಮೆಮೊರಿ ಫೋಮ್. ಥಟ್ಟನೆ ಪುಟಿದರೆ ಸಾಮಾನ್ಯ ಫೋಮ್, ಬೆಲೆಯೂ ಸಾಮಾನ್ಯವೇ ಇರಬೇಕು.

ಐದನೆಯದು, ಮಲಗಿ ನೋಡಿ. ಅಂಗಡಿಯಲ್ಲಿ ಸಂಕೋಚ ಬಿಡಿ, ಚಪ್ಪಲಿ ಕಳಚಿ ಹತ್ತು ನಿಮಿಷ ನಿಮ್ಮ ರೂಢಿಯ ಮಗ್ಗುಲಲ್ಲಿ ಮಲಗಿ. ಆನ್‌ಲೈನಿನಲ್ಲಿ ಕೊಳ್ಳುವವರಿಗೆ ಹಲವು ಕಂಪನಿಗಳು 100 ರಾತ್ರಿಯ ಪ್ರಯೋಗಾವಧಿ ಕೊಡುತ್ತವೆ. ಒಗ್ಗಲು ಎರಡು ಮೂರು ವಾರ ಬೇಕಾಗುವುದರಿಂದ ಇದು ಒಳ್ಳೆಯ ಸೌಲಭ್ಯ. ಆದರೆ ವಾಪಸು ಒಯ್ಯುವ ಖರ್ಚು ಯಾರದು, ನಿಮ್ಮ ಪಿನ್‌ಕೋಡಿಗೆ ಅನ್ವಯವೇ, ಹಣ ಎಷ್ಟು ದಿನದಲ್ಲಿ ಬರುತ್ತದೆ ಎಂಬುದನ್ನು ಮೊದಲೇ ಓದಿ. ಪೆಟ್ಟಿಗೆ, ಬಿಲ್ಲು ಇಟ್ಟುಕೊಳ್ಳಿ. ಮೊದಲ ದಿನದಿಂದಲೇ ಒಗೆಯಬಹುದಾದ ಹೊದಿಕೆ ಹಾಕಿ. ಕಲೆ ಬಿದ್ದರೆ ವಾರಂಟಿ ಹೋಗುವುದುಂಟು. ತಕರಾರು ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಆರನೆಯದು, ಬೆಲೆ. ಪುಣೆಯಲ್ಲಿ ಸಿಂಗಲ್ ಗಾದಿ ಸುಮಾರು 5ರಿಂದ 8 ಸಾವಿರ ರೂಪಾಯಿ, ಇಬ್ಬರ ಗಾದಿ ಸುಮಾರು 10ರಿಂದ 15 ಸಾವಿರ ರೂಪಾಯಿಗೆ ಸರಿಯಾದದ್ದು ಸಿಗುತ್ತದೆ. 30-40 ಸಾವಿರದ ಗಾದಿಯಲ್ಲಿ ಹೆಚ್ಚಿನ ದಪ್ಪ, ಚೆಂದದ ಬಟ್ಟೆ, ತಂಪಿನ ಜೆಲ್ ಇರಬಹುದು. ಜೆಲ್ಲಿನ ತಂಪು ಹೆಚ್ಚಾಗಿ ಮಲಗಿದ ಮೊದಲ ಸ್ವಲ್ಪ ಹೊತ್ತಿನದು. ಆಮೇಲೆ ಅದೂ ಮೈಶಾಖಕ್ಕೆ ಬರುತ್ತದೆ. ಹೆಚ್ಚಿನವರಿಗೆ 5ರಿಂದ 6 ಇಂಚು ದಪ್ಪ ಸಾಕು, ಭಾರೀ ಮೈಯವರಿಗೆ 8 ಇಂಚು. ಬ್ರ್ಯಾಂಡ್ ಹೆಸರಿಗೂ ಬಹಳ ಮರುಳಾಗಬೇಡಿ. ಮಣಿಪಾಲ ಮೂಲದ, ನಾವೆಲ್ಲ ಚಿಕ್ಕಂದಿನಿಂದ ಕೇಳಿದ ಕರ್ಲಾನ್ 2023ರಲ್ಲಿ ಸ್ಲೀಪ್‌ವೆಲ್ ಮಾಡುವ ಶೀಲಾ ಫೋಮ್ ಕಂಪನಿಯ ಕೈಗೆ ಹೋಯಿತು. ಅಂಗಡಿಯಲ್ಲಿ ಎದುರು ಬದುರು ಕಾಣುವ ಎರಡು ಹೆಸರು ಒಂದೇ ಮನೆಯವು ಇರಬಹುದು. ಹೆಸರಿಗಿಂತ ಪದರ, ತೂಕ, ವಾರಂಟಿ ಹೋಲಿಸಿ.

ಬಾಡಿಗೆ ಮನೆಯ ಕರಾರು ಪುಣೆಯಲ್ಲಿ ಸಾಮಾನ್ಯವಾಗಿ 11 ತಿಂಗಳದ್ದು. ಮನೆ ಬದಲಿಸುವ ಸಾಧ್ಯತೆ ಇದ್ದವರು ಒಂದು ಕಿಂಗ್ ಬದಲು ಎರಡು 36 ಇಂಚಿನ ಸಿಂಗಲ್ ತೆಗೆದುಕೊಳ್ಳಿ. ಜೋಡಿಸಿದರೆ 72 ಇಂಚಿನ ಕಿಂಗ್ ಆಗುತ್ತದೆ, ಬಿಡಿಸಿದರೆ ಊರಿನವರು ಬಂದಾಗ ಹಾಲ್‌ನಲ್ಲಿ ಹಾಕಬಹುದು, ಕಿರಿದಾದ ಮೆಟ್ಟಿಲಲ್ಲೂ ಇಳಿಸಬಹುದು.

*ಹಳೆಯ ಹತ್ತಿ ಗಾದಿ ಎಸೆಯಬೇಡಿ*

ಮೆಮೊರಿ ಫೋಮ್ ಇಲ್ಲದಿದ್ದರೆ ಆರೋಗ್ಯ ಕೆಡುತ್ತದೆ ಎಂದೇನಿಲ್ಲ. ಹತ್ತಿ ಗಾದಿಯನ್ನು ಪಿಂಜಾರರ ಕಡೆ ಕೊಟ್ಟು ಅರಳೆ ಹೊಡೆಸಿ ಮತ್ತೆ ತುಂಬಿಸಿದರೆ ಗಂಟು ಹೋಗಿ ಮೊದಲಿನಂತೆ ಆಗುತ್ತದೆ. ಅದು ಗಾಳಿಯಾಡುತ್ತದೆ, ಬಿಸಿಲಿಗೆ ಹಾಕಬಹುದು. ಅದರ ಮೇಲೆ ಅಜ್ಜಿ ಹೊಲಿದ ಕೌದಿ ಮಡಚಿ ಹಾಸಿದರೆ ಎಷ್ಟೋ ಬೆನ್ನುಗಳಿಗೆ ಅದೇ ಮಧ್ಯಮ ಗಟ್ಟಿ. ಮೆಮೊರಿ ಫೋಮನ್ನು ಮಾತ್ರ ಸುಡುಬಿಸಿಲಿಗೆ ಹಾಕಬೇಡಿ, ನೀರಿನಲ್ಲಿ ತೊಳೆಯಬೇಡಿ. ನೆರಳಿನ ಗಾಳಿ ಸಾಕು. ನೆಲದ ಮೇಲೆ ನೇರವಾಗಿ ಹಾಕುವವರು ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಎತ್ತಿ ಗೋಡೆಗೆ ಒರಗಿಸಿ. ಇಲ್ಲದಿದ್ದರೆ ಅಡಿಯಲ್ಲಿ ಬೂಷ್ಟು ಹಿಡಿದು ಆಸ್ತಮಾ ಇದ್ದವರಿಗೆ ತೊಂದರೆ. ಹೊಸ ಗಾದಿಯ ರಾಸಾಯನಿಕ ವಾಸನೆ ಹೋಗಲು ಕಿಟಕಿ ತೆರೆದು ಎರಡು ಮೂರು ದಿನ ಬಿಟ್ಟು ಮಲಗಿ.

ಕಟ್ಟಡ ಕೆಲಸಕ್ಕೆ ಬಂದು ಸಿಮೆಂಟು ನೆಲದ ಮೇಲೆ ಮಲಗುವ ನಮ್ಮ ಜನರೂ ಈ ಊರಿನಲ್ಲಿ ಸಾವಿರಾರು. ಅವರಿಗೆ ಬೇಕಾದದ್ದು ಮೆಮೊರಿ ಫೋಮ್ ಅಲ್ಲ. ನೆಲದ ತಂಪು, ತೇವ ತಡೆಯುವ ಒಂದು ಪದರ, ಸೊಳ್ಳೆಪರದೆ, ರಾತ್ರಿ ಸದ್ದಿಲ್ಲದ ಮೂಲೆ. ನಿಮ್ಮ ಮನೆಯ ಹಳೆಯ ಗಾದಿ ಚೆನ್ನಾಗಿದ್ದರೆ ಭಂಗಾರವಾಲಾಗೆ ಹಾಕುವ ಮೊದಲು ಒಮ್ಮೆ ಸುತ್ತ ನೋಡಿ.

*ಯಾರಿಗೆ ಎಚ್ಚರಿಕೆ ಬೇಕು?*

ಒಂದು ವರ್ಷದೊಳಗಿನ ಕೂಸು: ಮೆಮೊರಿ ಫೋಮ್ ಬೇಡವೇ ಬೇಡ. ಮೆತ್ತನೆ ತಗ್ಗಿನಲ್ಲಿ ಮುಖ ಹೂತರೆ ಕೂಸಿಗೆ ತಿರುಗಲು ಆಗುವುದಿಲ್ಲ, ಉಸಿರು ಕಟ್ಟಬಹುದು. ಗಟ್ಟಿಯಾದ, ಸಮತಟ್ಟಾದ ಬೇರೆ ಹಾಸಿಗೆಯಲ್ಲಿ ಅಂಗಾತ ಮಲಗಿಸಿ.

ಬೈಪಾಸ್ ಆದವರು: ಎದೆಯ ಮೂಳೆ ಕೂಡಿಕೊಳ್ಳಲು 6ರಿಂದ 12 ವಾರ ಬೇಕು. ಆ ಅವಧಿಯಲ್ಲಿ ಕೈ ಊರಿ, ಮೈ ಎಳೆದು ಏಳಬಾರದು. ತಗ್ಗುವ ಗಾದಿಯಿಂದ ಕೈ ಊರದೆ ಏಳುವುದು ಕಷ್ಟ. ಆಗ ಗಟ್ಟಿ ಗಾದಿಯೇ ಅನುಕೂಲ. ಮಂಚದ ಅಂಚಿನಲ್ಲಿ ಕೂತರೆ ಪಾದ ಪೂರ್ತಿ ನೆಲಕ್ಕೆ ತಾಗಬೇಕು. 8 ಇಂಚಿನ ಗಾದಿಯನ್ನು ಎತ್ತರದ ಮಂಚಕ್ಕೆ ಹಾಕಿ ಅಮ್ಮನನ್ನು ಅಟ್ಟ ಹತ್ತಿಸಬೇಡಿ.

ಬಿಪಿ ಮಾತ್ರೆ ತೆಗೆದುಕೊಳ್ಳುವ ಹಿರಿಯರು: ರಾತ್ರಿ ಮೂತ್ರಕ್ಕೆ ಥಟ್ಟನೆ ಎದ್ದರೆ ಬಿಪಿ ಇಳಿದು ತಲೆ ಸುತ್ತಿ ಬೀಳುತ್ತಾರೆ. ಅಂಚಿನಲ್ಲಿ ಒಂದೆರಡು ನಿಮಿಷ ಕೂತು ಆಮೇಲೆ ನಿಲ್ಲಲಿ. ಗಾದಿಯ ಅಂಚು ಕುಸಿಯದಂತೆ ಗಟ್ಟಿ ಇದೆಯೇ ಎಂದು ಕೊಳ್ಳುವಾಗಲೇ ಅಂಚಿನಲ್ಲಿ ಕೂತು ನೋಡಿ.

ಹಾಸಿಗೆ ಹಿಡಿದವರು: ಒಳ್ಳೆಯ ಫೋಮ್ ಹುಣ್ಣಾಗುವ ಸಾಧ್ಯತೆ ಕಡಿಮೆ ಮಾಡುತ್ತದೆ. ಆದರೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕೆಲಸ ತಪ್ಪುವುದಿಲ್ಲ.

ಬೆಂಕಿ: ಪಾಲಿಯುರೆಥೇನ್ ಬೇಗ ಹೊತ್ತಿಕೊಳ್ಳುತ್ತದೆ, ಅದರ ಹೊಗೆ ಪ್ರಾಣಾಂತಕ. ಸೊಳ್ಳೆಬತ್ತಿ, ದೀಪ, ಬೀಡಿ, ದಿಂಬಿನಡಿ ಚಾರ್ಜ್ ಆಗುವ ಮೊಬೈಲ್ ಯಾವುದೂ ಗಾದಿಯ ಹತ್ತಿರ ಬೇಡ.

ಕೊನೆಯದಾಗಿ ಬಹಳ ಮುಖ್ಯವಾದದ್ದು. ಯಾರಾದರೂ ಹಾಸಿಗೆಯಲ್ಲೇ ಪ್ರಜ್ಞೆ ತಪ್ಪಿ, ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದಿದ್ದರೆ, 108 ಅಥವಾ 112ಕ್ಕೆ ಕರೆ ಮಾಡಿಸಿ, ಅವರನ್ನು ಬೇಗ ನೆಲಕ್ಕೆ ಇಳಿಸಿ. ಮೆತ್ತನೆ ಗಾದಿಯ ಮೇಲೆ ಎದೆ ಒತ್ತಿದರೆ ತಗ್ಗುವುದು ಗಾದಿ, ಎದೆಯಲ್ಲ. ನೆಲದ ಮೇಲೆ ಎದೆಯ ನಡುವೆ, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ, ಸಹಾಯ ಬರುವ ತನಕ ನಿಲ್ಲಿಸಬೇಡಿ. ಇಳಿಸಲು ಆಗದಿದ್ದರೆ ಇದ್ದಲ್ಲೇ ಶುರು ಮಾಡಿ, ಕಾಯಬೇಡಿ.

*ಉಳಿದ ದುಡ್ಡು ಎಲ್ಲಿ ಹಾಕಬೇಕು?*

ನಿದ್ದೆ ಹೃದಯಕ್ಕೆ ಬೇಕು, ಅದರಲ್ಲಿ ಅನುಮಾನ ಇಲ್ಲ. 2022ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೃದಯ ಆರೋಗ್ಯದ ಏಳು ಸೂತ್ರಗಳಿಗೆ ಎಂಟನೆಯದಾಗಿ ನಿದ್ದೆಯನ್ನು ಸೇರಿಸಿತು. ವಯಸ್ಕರಿಗೆ ದಿನಕ್ಕೆ 7ರಿಂದ 9 ಗಂಟೆ. ಒಳ್ಳೆಯ ನಿದ್ದೆಯಲ್ಲಿ ಬಿಪಿ ಸಾಮಾನ್ಯವಾಗಿ ಶೇಕಡಾ 10ರಿಂದ 20 ಇಳಿಯುತ್ತದೆ. ಹೃದಯಕ್ಕೆ ದಿನದಲ್ಲಿ ಸಿಗುವ ವಿಶ್ರಾಂತಿ ಅದೇ.

ಆದರೆ ಆ 7 ಗಂಟೆ ಗಾದಿಯಿಂದ ಬರುವುದಿಲ್ಲ, ಮಲಗುವ ಹೊತ್ತಿನಿಂದ ಬರುತ್ತದೆ. ಹಿಂಜವಡಿಯ ಟ್ರಾಫಿಕ್ ದಾಟಿ ರಾತ್ರಿ 9ಕ್ಕೆ ಮನೆಗೆ ಬಂದು, 10ಕ್ಕೆ ಉಂಡು, 1 ಗಂಟೆಯ ತನಕ ಮೊಬೈಲ್ ನೋಡಿ, 6ಕ್ಕೆ ಏಳುವವರಿಗೆ ಯಾವ ಗಾದಿ ಏನು ಮಾಡೀತು? ಚಾಕಣದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವವರು ದುಬಾರಿ ಗಾದಿಗಿಂತ ಮೊದಲು ಕಿಟಕಿಗೆ ದಪ್ಪ ಪರದೆ ಹಾಕಿಸಿ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಗಾದಿಯ ಇಎಂಐ ಕೂಡ ಒಂದು ಚಿಂತೆಯೇ, ಹೊಸದೊಂದನ್ನು ತಂದುಕೊಳ್ಳಬೇಡಿ.

30 ಸಾವಿರದ ಬದಲು 12 ಸಾವಿರದ ಗಾದಿ ತಂದರೆ 18 ಸಾವಿರ ಉಳಿಯುತ್ತದೆ. ಅದರಲ್ಲಿ ತೋಳಿಗೆ ಕಟ್ಟುವ ಒಳ್ಳೆಯ ಬಿಪಿ ಯಂತ್ರ ಸುಮಾರು 2 ಸಾವಿರಕ್ಕೆ ಬರುತ್ತದೆ. ಅಪ್ಪ ಅಮ್ಮ ಇಬ್ಬರ ಸಕ್ಕರೆ, ಕೊಲೆಸ್ಟರಾಲ್, ಕಿಡ್ನಿ ಪರೀಕ್ಷೆ, ಇಸಿಜಿ ಆಗುತ್ತದೆ. ಬೇಕಿದ್ದರೆ ಎಕೋ ಕೂಡ ಆಗುತ್ತದೆ. ಆಮೇಲೂ ಊರಿಗೆ ಹೋಗಿಬರುವ ಬಸ್ ಟಿಕೆಟ್ಟಿಗೆ ದುಡ್ಡು ಮಿಗುತ್ತದೆ. ತಂದೆತಾಯಿಗೆ ಕಾಣಿಕೆ ಕೊಡುವ ಆಸೆ ಒಳ್ಳೆಯದು. ಕಾಣಿಕೆಯನ್ನು ಹೀಗೆ ಹಂಚಿ ಕೊಡಿ ಎನ್ನುವುದೇ ನನ್ನ ಸಲಹೆ.

*ನೆನಪಿಡಲು ಐದು ಮಾತು*

1. ಮಲಗಿದರೆ ದಮ್ಮು, ನಿಂತು ನಿಂತು ಬರುವ ಗೊರಕೆ, ಎದೆ ಭಾರ: ಮೊದಲು ಡಾಕ್ಟರು, ಆಮೇಲೆ ಗಾದಿ.
2. ಬಹಳ ಗಟ್ಟಿಯೂ ಬೇಡ, ಬಹಳ ಮೆತ್ತಗೂ ಬೇಡ. ಮಧ್ಯಮ ಗಟ್ಟಿ.
3. ಮಂಚ ಅಳೆಯಿರಿ, ಪದರ ಕೇಳಿ, ತೂಕದಿಂದ ಲೆಕ್ಕ ಹಾಕಿ, ಪ್ರಯೋಗಾವಧಿಯ ಷರತ್ತು ಓದಿ.
4. ಕೂಸಿಗೆ ಮೆಮೊರಿ ಫೋಮ್ ಬೇಡ. ಗಾದಿಯ ಹತ್ತಿರ ಬೆಂಕಿ ಬೇಡ.
5. ಪ್ರಜ್ಞೆ ತಪ್ಪಿ ಉಸಿರಾಡದವರನ್ನು ನೆಲಕ್ಕೆ ಇಳಿಸಿ ಎದೆ ಒತ್ತಿ.

ಇವತ್ತು ರಾತ್ರಿ ಮನೆಯ ಹಿರಿಯರು ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತಾರೆ, ಸುಮ್ಮನೆ ಒಮ್ಮೆ ನೋಡಿ. ಊರಿನಲ್ಲಿರುವವರಿಗೆ ಫೋನ್ ಮಾಡಿ ಕೇಳಿ. ಕಳೆದ ವರ್ಷಕ್ಕಿಂತ ದಿಂಬು ಹೆಚ್ಚಾಗಿದ್ದರೆ ಈ ವಾರವೇ ತೋರಿಸಿ.

ಉಪಯೋಗ ಅನ್ನಿಸಿದರೆ ಪರಊರಿನಲ್ಲಿರುವ ನಮ್ಮವರಿಗೆ ಕಳಿಸಿ. ಇದು ಸಾಮಾನ್ಯ ತಿಳಿವಳಿಕೆಗಾಗಿ ಬರೆದದ್ದು. ನಿಮ್ಮ ಡಾಕ್ಟರ ಸಲಹೆಗೆ ಬದಲಿ ಅಲ್ಲ.

ಎಲ್ಲರಿಗೂ ಒಳ್ಳೆಯ ನಿದ್ದೆ ಬರಲಿ.

– ಹೃದ್ರೋಗ ತಜ್ಞ, ಎಂ.ಡಿ., ಪುಣೆ